ಮೂರು ಯುದ್ಧ ದಾಟಿದ ಸಿಂಧೂ ಒಪ್ಪಂದ 2025ರಲ್ಲಿ ಯಾಕೆ ನಿಂತಿತು? ಯಾವ ಸಿದ್ಧಾಂತದಲ್ಲಿ ಇದಕ್ಕೆ ಉತ್ತರ ಇದೆ?

ಬಯಲುಸೀಮೆ:
ಟಿವಿಯಲ್ಲಿ ಈ ವಿಷಯದ ಮೇಲೆ ಬೇಕಾದಷ್ಟು ಕೂಗಾಟ ಆಗಿದೆ. ಇಲ್ಲಿ ಸ್ವಲ್ಪ ತಾಳ್ಮೆಯಿಂದ ಮಾತಾಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಸಿಂಧೂ ಜಲ ಒಪ್ಪಂದಕ್ಕೆ ಸಹಿ ಬಿದ್ದದ್ದು 1960ರ ಸೆಪ್ಟೆಂಬರ್ 19ರಂದು, ಕರಾಚಿಯಲ್ಲಿ. ನೆಹರು, ಅಯೂಬ್ ಖಾನ್, ಜೊತೆಗೆ ವಿಶ್ವಬ್ಯಾಂಕಿನ ಪರವಾಗಿ ಇಲಿಫ್ ಸಹಿ ಹಾಕಿದರು. ರಾವಿ, ಬಿಯಾಸ್, ಸಟ್ಲೆಜ್ ನಮಗೆ. ಸಿಂಧೂ, ಝೇಲಂ, ಚೀನಾಬ್ ನದಿಗಳ ಬಹುಪಾಲು ನೀರು ಪಾಕಿಸ್ತಾನಕ್ಕೆ. ಆಮೇಲೆ 1965 ಆಯಿತು, 1971 ಆಯಿತು, ಕಾರ್ಗಿಲ್ ಆಯಿತು. 2001ರಲ್ಲಿ ಸಂಸತ್ತಿನ ಮೇಲೆ ದಾಳಿ, 2008ರಲ್ಲಿ ಮುಂಬೈ. ಒಪ್ಪಂದ ಮಾತ್ರ ಅಲುಗಲಿಲ್ಲ. ಒಪ್ಪಂದದ ಪ್ರಕಾರ ಭಾರತ 6.2 ಕೋಟಿ ಪೌಂಡ್ ಹಣವನ್ನು ಹತ್ತು ಕಂತಿನಲ್ಲಿ ಕೊಡಬೇಕಿತ್ತು. 1965ರಲ್ಲಿ, ಯುದ್ಧ ನಡೆದ ವರ್ಷದಲ್ಲೂ, ಕಂತು ತಪ್ಪಲಿಲ್ಲ. ಗಡಿಯಲ್ಲಿ ಸೈನಿಕರು ಸಾಯುತ್ತಿದ್ದ ವರ್ಷ ಅದು ಅನ್ನೋದನ್ನು ನೆನಪಿಡಿ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಮರುದಿನವೇ ಭಾರತ ಒಪ್ಪಂದವನ್ನು ತಡೆಹಿಡಿಯಿತು.

ನನ್ನ ಪ್ರಶ್ನೆ ಒಂದೇ. ಅಷ್ಟು ವರ್ಷ ಯಾಕೆ ಉಳಿಯಿತು? ದೇಶಗಳ ನಡುವೆ ಬಲವೇ ಎಲ್ಲ ಅನ್ನುವವರ ಲೆಕ್ಕದಲ್ಲಿ ಇದು 1965ರಲ್ಲೇ ಮುರಿದು ಬೀಳಬೇಕಿತ್ತು. ಸಂಸ್ಥೆ, ಕಾನೂನು, ಮಾತುಕತೆ ಇದ್ದರೆ ಶತ್ರುಗಳೂ ಸಹಕರಿಸುತ್ತಾರೆ ಅನ್ನುವವರ ಲೆಕ್ಕದಲ್ಲಿ 2025ರಲ್ಲಿ ನಿಲ್ಲಬಾರದಿತ್ತು.

ನನಗೆ ಅನ್ನಿಸುವುದು ಹೀಗೆ. ಈ ಒಪ್ಪಂದ ಬಾಳಿದ್ದು ಅದು ನಂಬಿಕೆಯನ್ನು ಬಹಳ ಕಡಿಮೆ ಕೇಳಿದ್ದರಿಂದ. ನೀರನ್ನು ಹಂಚಲಿಲ್ಲ, ನದಿಗಳನ್ನೇ ಹಂಚಿದರು. ಮಾತು ಬಿಟ್ಟ ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡು, ನಡುವೆ ಬದು ಹಾಕಿಕೊಂಡ ಹಾಗೆ. ದಿನಾ ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ನೀವೇನಂತೀರಿ?

ಉತ್ತರದಿಕ್ಕು:
ಒಳ್ಳೆಯ ಪ್ರಶ್ನೆ ಸರ್. ನಾನು ಜರ್ಮನಿಯಲ್ಲಿ ಇದೇ ವಿಷಯದಲ್ಲಿ, ಅಂದರೆ ಅಂತರರಾಷ್ಟ್ರೀಯ ಸಂಬಂಧಗಳಲ್ಲಿ, ಎಂ.ಎ. ಮಾಡುತ್ತಿದ್ದೇನೆ. ಇಲ್ಲಿ ತರಗತಿಯಲ್ಲಿ ಮಾತೆಲ್ಲ ಯುರೋಪಿನ ಸುತ್ತಲೇ. ನಮ್ಮ ಕಡೆಯ ಉದಾಹರಣೆ ಬರುವುದೇ ಅಪರೂಪ, ಹಾಗಾಗಿ ಉದ್ದವಾಗಿ ಬರೆಯುತ್ತೇನೆ.

ಮೂರು ಗುಂಪಿನ ವಾದಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವಾಸ್ತವವಾದಿಗಳ ಪ್ರಕಾರ ದೇಶಗಳ ಮೇಲೆ ಯಜಮಾನ ಅಂತ ಯಾರೂ ಇಲ್ಲ. ಪೊಲೀಸೂ ಇಲ್ಲ, ಆಜ್ಞೆ ಜಾರಿ ಮಾಡುವ ಕೋರ್ಟೂ ಇಲ್ಲ. ಆದ್ದರಿಂದ ಪ್ರತಿ ದೇಶವೂ ಮೊದಲು ತನ್ನ ಉಳಿವನ್ನು ನೋಡಿಕೊಳ್ಳುತ್ತದೆ. 1979ರಲ್ಲಿ ಕೆನೆತ್ ವಾಲ್ಟ್ಜ್ ಇದನ್ನು ಅಚ್ಚುಕಟ್ಟಾದ ಸಿದ್ಧಾಂತ ಮಾಡಿದರು. ಐದು ವರ್ಷದ ನಂತರ ರಾಬರ್ಟ್ ಕಿಯೋಹೇನ್ ಇನ್ನೊಂದು ಮಾತು ಹೇಳಿದರು. ಯಜಮಾನ ಇಲ್ಲದಿದ್ದರೂ ಸಂಸ್ಥೆಗಳು ಮಾಹಿತಿ ಕೊಡುತ್ತವೆ, ಮೋಸವನ್ನು ಬೇಗ ಹಿಡಿಯುತ್ತವೆ, ನಾಳೆಯೂ ವ್ಯವಹಾರ ಇದೆ ಅಂತ ನೆನಪಿಸುತ್ತವೆ. ಆಗ ಸಹಕಾರ ಲಾಭದ್ದಾಗುತ್ತದೆ. 1992ರಲ್ಲಿ ಅಲೆಕ್ಸಾಂಡರ್ ವೆಂಟ್ ಬಂದು, ಯಜಮಾನ ಇಲ್ಲ ಅನ್ನುವುದರಿಂದ ತಾನಾಗಿ ಏನೂ ಆಗುವುದಿಲ್ಲ, ದೇಶಗಳು ಒಬ್ಬರನ್ನೊಬ್ಬರು ಏನೆಂದು ಕಾಣುತ್ತವೆ ಅನ್ನುವುದೇ ಮುಖ್ಯ ಎಂದರು.

ಈಗ ಸಿಂಧೂ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಇದು ಶುರುವಾದದ್ದು ಅಪ್ಪಟ ವಾಸ್ತವವಾದದಲ್ಲಿ. ವಿಭಜನೆಯ ಗೆರೆ ಕಾಲುವೆಗಳ ಮೇಲೆಯೇ ಹಾದುಹೋಯಿತು. ರಾವಿಯ ಮಾಧೋಪುರ, ಸಟ್ಲೆಜ್‌ನ ಫಿರೋಜ್‌ಪುರ, ಎರಡು ಹೆಡ್‌ವರ್ಕ್ಸೂ, ಅಂದರೆ ನಾಲೆಗೆ ನೀರು ಬಿಡುವ ಕಟ್ಟೆಗಳು, ಭಾರತದಲ್ಲಿ ಉಳಿದವು. ಅಲ್ಲಿಂದ ನೀರು ಕುಡಿಯುವ ಹೊಲಗಳು ಪಾಕಿಸ್ತಾನಕ್ಕೆ ಹೋದವು. ನೀರು ಮೊದಲಿನಂತೆ ಬಿಡುವ ತಾತ್ಕಾಲಿಕ ಒಪ್ಪಂದ 1948ರ ಮಾರ್ಚ್ 31ಕ್ಕೆ ಮುಗಿಯಿತು. ಏಪ್ರಿಲ್ 1ಕ್ಕೆ ಭಾರತದ ಪೂರ್ವ ಪಂಜಾಬ್ ಸರ್ಕಾರ ಗೇಟು ಮುಚ್ಚಿತು! ಬಿತ್ತನೆ ಕಾಲದಲ್ಲಿ ನಾಲೆ ಒಣಗಿತು. ಮೇ 4ರಂದು ದೆಹಲಿಯಲ್ಲಿ ಒಂದು ರಾಜಿ ಆದಮೇಲೆ ನೀರಿನ ಬಿಕ್ಕಟ್ಟು ಸಡಿಲವಾಯಿತು. ಪಾಕಿಸ್ತಾನ ಆ ದಿನಗಳನ್ನು ಮರೆಯಲೇ ಇಲ್ಲ. ಮೇಲಿರುವವನು ಕೆಳಗಿರುವವನಿಗೆ ಏನು ಮಾಡಬಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮುಗಿದದ್ದು ಮಾತ್ರ ಬೇರೆ ರೀತಿಯಲ್ಲಿ. ವಿಶ್ವಬ್ಯಾಂಕ್ 1954ರಲ್ಲಿ ನದಿಗಳನ್ನೇ ಹಂಚುವ ಪ್ರಸ್ತಾವ ಇಟ್ಟಿತು. ಸುಮಾರು 90 ಕೋಟಿ ಡಾಲರಿನ ನಿಧಿ ಹುಟ್ಟಿತು. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪಶ್ಚಿಮ ಜರ್ಮನಿ ಹಣ ಹಾಕಿದವು. ಆ ಹಣದಲ್ಲಿ ಪಾಕಿಸ್ತಾನ ಝೇಲಂ ಮೇಲೆ ಮಂಗ್ಲಾ ಅಣೆಕಟ್ಟು ಕಟ್ಟಿತು, ಜೋಡಣೆ ಕಾಲುವೆ ತೋಡಿತು. ಆಮೇಲೆ ಸಿಂಧೂ ಮೇಲೆ ತರ್ಬೇಲಾ ಬಂತು. ಶೀತಲ ಸಮರದ ಕಾಲದಲ್ಲಿ ಅಮೆರಿಕಕ್ಕೆ ಈ ಎರಡು ದೇಶ ಕಿತ್ತಾಡುವುದು ಬೇಡವಾಗಿತ್ತು, ಅದಕ್ಕೆ ದುಡ್ಡು ಸುರಿಯಿತು. ಹಾಗಾದರೆ ಇದು ಸಹಕಾರವಾ, ದೊಡ್ಡಣ್ಣನ ಬಲವಾ? ನನಗೆ ಎರಡನೆಯದರ ಪಾಲೇ ಜಾಸ್ತಿ ಕಾಣುತ್ತದೆ.

ಕಾಂಕ್ರೀಟ್‌ ಕೆಲಸ:
ಸಿದ್ಧಾಂತ ಓದಿದವನಲ್ಲ ನಾನು. ಜಲವಿದ್ಯುತ್ ಯೋಜನೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೀವು ಯಾರೂ ಎತ್ತದ ಒಂದು ವಿಷಯ ಇದೆ. ನೀರು ನಿಲ್ಲಿಸುತ್ತೇವೆ ಅನ್ನುವವನ ಹತ್ತಿರ ನಿಲ್ಲಿಸಲು ಜಾಗ ಇರಬೇಕಲ್ವಾ?

ಒಪ್ಪಂದ ಪಶ್ಚಿಮದ ನದಿಗಳ ಮೇಲೆ ಭಾರತಕ್ಕೆ ಸುಮಾರು 3.6 ದಶಲಕ್ಷ ಎಕರೆ-ಅಡಿ ನೀರು ಸಂಗ್ರಹಿಸಲು ಅವಕಾಶ ಕೊಟ್ಟಿದೆ. ನಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 157 ಟಿಎಂಸಿ. ತುಂಬಿದ ಕೆಆರ್‌ಎಸ್ 49.45 ಟಿಎಂಸಿ, ಅಂದರೆ ಮೂರು ಕೆಆರ್‌ಎಸ್‌ಗಿಂತ ಸ್ವಲ್ಪ ಜಾಸ್ತಿ. ಆ ಮೂರು ನದಿಗಳಲ್ಲಿ ವರ್ಷಕ್ಕೆ ಹರಿಯುವುದು ಸುಮಾರು 5,900 ಟಿಎಂಸಿ. ಈ 157ರಲ್ಲೂ ನಾವು ಕಟ್ಟಿಕೊಂಡಿರುವುದು ತೀರಾ ಕಡಿಮೆ.

ಚೀನಾಬ್ ಮೇಲೆ ರಾಮಬನ್ ಹತ್ತಿರದ ಬಗ್ಲಿಹಾರ್ ನೋಡಿ. 900 ಮೆಗಾವ್ಯಾಟಿನ ದೊಡ್ಡ ಯೋಜನೆ. ಆದರೆ ಬೇಕೆಂದಾಗ ಹಿಡಿದು ಬೇಕೆಂದಾಗ ಬಿಡಬಹುದಾದ ನೀರು ಬರೀ 3.26 ಕೋಟಿ ಘನ ಮೀಟರ್, ಟಿಎಂಸಿ ಲೆಕ್ಕದಲ್ಲಿ ಒಂದೂಕಾಲಕ್ಕೂ ಕಡಿಮೆ. ಅದನ್ನೂ ನಾವು ಕೇಳಿದ್ದಕ್ಕಿಂತ ಇಳಿಸಿ ನಿಗದಿ ಮಾಡಿದ್ದು 2007ರಲ್ಲಿ ತಟಸ್ಥ ತಜ್ಞ ರೇಮಂಡ್ ಲಾಫಿಟ್. ಅದೇ ತೀರ್ಪಿನಲ್ಲಿ ಅವರು ಗೇಟು ಇರುವ ಕೋಡಿಗೆ ಒಪ್ಪಿಗೆ ಕೊಟ್ಟರು, ಅದು ನಮ್ಮ ವಾದಕ್ಕೆ ಸಿಕ್ಕ ಗೆಲುವು. ಇಂಥ ಜಲಾಶಯದಲ್ಲಿ ಗೇಟು ಹಾಕಿ ಕೂತರೆ ಬೇಸಿಗೆಯ ಚೀನಾಬ್ ಬೇಗನೆ ತುಂಬಿ ಮೇಲೆ ಹರಿಯುತ್ತದೆ. ಕೆಳಗಿನವರಿಗೆ ಕೆಲವು ಹೊತ್ತು ತೊಂದರೆ ಕೊಡಬಹುದು, ವಿಶೇಷವಾಗಿ ಚಳಿಗಾಲದಲ್ಲಿ, ಬಿತ್ತನೆ ಹೊತ್ತಿನಲ್ಲಿ. ನದಿ ನಿಲ್ಲಿಸಲು ಆಗುವುದಿಲ್ಲ.

ಇನ್ನು ಸಲಾಲ್. ಅದೂ ಚೀನಾಬ್ ಮೇಲೆಯೇ, 690 ಮೆಗಾವ್ಯಾಟ್. ಪಾಕಿಸ್ತಾನದ ಆಕ್ಷೇಪಕ್ಕೆ ಮಣಿದು 1978ರಲ್ಲಿ ಒಪ್ಪಂದ ಮಾಡಿಕೊಂಡೆವು. ಅಣೆಕಟ್ಟಿನ ತಳದ ತೂಬುಗಳನ್ನು ಕಾಂಕ್ರೀಟ್ ಹಾಕಿ ಮುಚ್ಚಲಾಯಿತು. ಹಿಮಾಲಯದ ನದಿ ಎಷ್ಟು ಮರಳು ಹೊತ್ತು ತರುತ್ತದೆ ಅಂತ ನೋಡಿದವರಿಗೇ ಗೊತ್ತು. ಹೂಳು ಹೊರಹೋಗಲು ದಾರಿ ಇಲ್ಲದೆ ಜಲಾಶಯ ತುಂಬಿಕೊಂಡಿತು. ಅಣೆಕಟ್ಟು ಕಟ್ಟಿದ ಯಾವ ಇಂಜಿನಿಯರಿಗೂ ಇದು ಹೊಟ್ಟೆ ಉರಿಸುವ ಸಂಗತಿ. ಒಪ್ಪಂದ ಉಳಿಯಲು ನಾವು ಕೊಟ್ಟ ಬೆಲೆ ಬರೀ ಹಣವಲ್ಲ. ಮೇ 2025ರಲ್ಲಿ ಬಗ್ಲಿಹಾರ್, ಸಲಾಲ್‌ಗಳಲ್ಲಿ ಹೂಳು ಹೊರಹಾಕುವ ಕೆಲಸ ನಡೆದ ವರದಿ ಬಂದಾಗ ನನ್ನ ಹಳೆಯ ಸಹೋದ್ಯೋಗಿಗಳೆಲ್ಲ ಮೊದಲು ಮಾತಾಡಿದ್ದು ಇದನ್ನೇ.

ಸೀದಾಮಾತು:
ಇಷ್ಟೆಲ್ಲ ಲೆಕ್ಕ ಯಾಕೆ? ನಮ್ಮವರನ್ನು ಹೆಸರು ಕೇಳಿ ಕೊಂದಿದ್ದಾರೆ. ಅವರಿಗೆ ಒಂದು ಹನಿಯೂ ಬೇಡ. ರಕ್ತ ಮತ್ತು ನೀರು ಒಟ್ಟಿಗೆ ಹರಿಯಲಾರವು ಅಂತ ಪ್ರಧಾನಿ ಹೇಳಿದ್ದು ಸರಿ ಇದೆ.

ಬಯಲುಸೀಮೆ:
ನಿಮ್ಮ ಸಿಟ್ಟು ನನಗೂ ಇದೆ. ಸತ್ತವರಲ್ಲಿ ಕನ್ನಡಿಗರೂ ಇದ್ದರು. ಆದರೆ ಮೇಲೆ ಇಂಜಿನಿಯರ್ ಸರ್ ಬರೆದದ್ದನ್ನು ಇನ್ನೊಮ್ಮೆ ಓದಿ. ಹನಿಯೂ ಬೇಡ ಅನ್ನುವುದಕ್ಕೆ ಹತ್ತಾರು ವರ್ಷದ ಕಟ್ಟಡ ಕೆಲಸ ಬೇಕು. ಏಪ್ರಿಲ್ 24ರಂದು ಪಾಕಿಸ್ತಾನ, ನೀರು ತಿರುಗಿಸಿದರೆ ಯುದ್ಧ ಅಂತಲೇ ಪರಿಗಣಿಸುತ್ತೇವೆ ಎಂದಿತು. ಎರಡೂ ಕಡೆ ಅಣುಬಾಂಬ್ ಇದೆ. ಹೇಳಿಕೆಗೂ ಕೈಲಾಗುವ ಕೆಲಸಕ್ಕೂ ನಡುವಿನ ಅಂತರ ಎಷ್ಟು ಅಂತ ತಿಳಿದುಕೊಳ್ಳುವುದು ದೇಶದ್ರೋಹ ಅಲ್ಲ. ಅದೇ ಇಲ್ಲಿನ ಚರ್ಚೆ.

ನಾಲೆಬದಿ:
ನಾನು ಮಂಡ್ಯದವಳು. ಇದನ್ನೆಲ್ಲ ಓದುವಾಗ ತಲೆಯಲ್ಲಿ ಬರುವುದು ಒಂದೇ. ಬದ್ಧ ವೈರಿಗಳಾದ ಎರಡು ದೇಶ ಒಂಬತ್ತು ವರ್ಷ ಕೂತು ಮಾತಾಡಿ ನೀರು ಹಂಚಿಕೊಂಡವು. ಒಂದೇ ಸಂವಿಧಾನದ ಕೆಳಗೆ ಇರುವ ಕರ್ನಾಟಕ, ತಮಿಳುನಾಡು ಎರಡು ರಾಜ್ಯಕ್ಕೆ ಕಾವೇರಿಯಲ್ಲಿ ಅದು ಆಗಲಿಲ್ಲ. 1991ರ ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿ ಉರಿದ ಕಥೆಯನ್ನು ನಮ್ಮ ಮನೆಯಲ್ಲಿ ಕೇಳುತ್ತಾ ಬೆಳೆದಿದ್ದೇನೆ. 2016ರದ್ದು ನಾನೇ ನೋಡಿದ್ದು. ಮೇಲೆ ಯಜಮಾನ ಇಲ್ಲದಿರುವುದೇ ಜಗಳದ ಮೂಲ ಅನ್ನುವುದಾದರೆ, ನಮ್ಮ ಮೇಲೆ ಸುಪ್ರೀಂ ಕೋರ್ಟೇ ಇದೆಯಲ್ಲ? ಮತ್ತೆ ಯಾಕೆ?

ಬಯಲುಸೀಮೆ:
ಮೇಡಂ, ಈ ಚರ್ಚೆಯಲ್ಲಿ ಬಂದ ಅತಿ ಮುಖ್ಯವಾದ ಪ್ರಶ್ನೆ ಇದು. ನಾನೂ ಇದರ ಬಗ್ಗೆ ತುಂಬ ಯೋಚಿಸಿದ್ದೇನೆ.

ಮೊದಲನೆಯದು, ಕಾವೇರಿಯಲ್ಲಿ ಹಂಚಲು ಆರು ನದಿ ಇಲ್ಲ. ಇರುವುದು ಒಂದೇ ಹೊಳೆ. ಅದೇ ನೀರು ಕೆಆರ್‌ಎಸ್‌ಗೂ ಬೇಕು, ಮೆಟ್ಟೂರಿಗೂ ಬೇಕು. ಪ್ರತಿ ವರ್ಷ, ಪ್ರತಿ ತಿಂಗಳು ಹಂಚಬೇಕು. ಮಳೆ ಚೆನ್ನಾಗಿದ್ದರೆ ಯಾರಿಗೂ ಕಾವೇರಿ ನೆನಪಾಗುವುದಿಲ್ಲ. ಜೂನ್ ಜುಲೈ ಕೈಕೊಟ್ಟ ವರ್ಷ ಎರಡೂ ಕಡೆಯ ರೈತ ರಸ್ತೆಗೆ ಬರುತ್ತಾನೆ. ಸಿಂಧೂ ಕಣಿವೆಯಲ್ಲಿ ತಪ್ಪಿಸಿಕೊಂಡದ್ದು ಇದನ್ನೇ.

ಎರಡನೆಯದು, ಯಜಮಾನ ಇದ್ದಾಗ ರಾಜಿ ಇನ್ನೂ ಕಷ್ಟ ಆಗಬಹುದು. ಸುಮ್ನೆ ಯೋಚಿಸಿ. ಒಬ್ಬ ಮುಖ್ಯಮಂತ್ರಿ ತಾನಾಗಿ 10 ಟಿಎಂಸಿ ಬಿಟ್ಟರೆ ಊರಲ್ಲಿ ತಿರುಗಾಡುವ ಹಾಗಿಲ್ಲ. ಕೋರ್ಟು ಹೇಳಿತು, ಬಿಡಬೇಕಾಯಿತು ಅಂದರೆ ಬಚಾವ್. ಹಾಗಾಗಿ ಕೊನೆಯ ಗಳಿಗೆವರೆಗೂ ಯಾರೂ ಇಳಿಯುವುದಿಲ್ಲ. ಕೋರ್ಟಿನವರೆಗೆ ಎಳೆಯುವುದೇ ಎರಡೂ ಕಡೆಯ ರಾಜಕಾರಣಿಗಳಿಗೆ ಕ್ಷೇಮ. 1990ರಲ್ಲಿ ನ್ಯಾಯಮಂಡಳಿ, 1991ರಲ್ಲಿ 205 ಟಿಎಂಸಿಯ ಮಧ್ಯಂತರ ಆದೇಶ, 2007ರಲ್ಲಿ ಅಂತಿಮ ತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಮಗೆ 14.75 ಟಿಎಂಸಿ ಸೇರಿಸಿ 284.75 ಮಾಡಿದ್ದು. ಇಷ್ಟರಲ್ಲಿ ಒಂದು ತಲೆಮಾರೇ ಕಳೆಯಿತು.

ಆದರೂ ಒಂದು ವ್ಯತ್ಯಾಸ ಇದೆ. ಬಸ್ಸು ಸುಟ್ಟರು, ಬಡವರ ಮನೆ ಸುಟ್ಟರು, ಜನ ಸತ್ತರು. ಅದು ಸಣ್ಣದಲ್ಲ. ಆದರೆ ಎರಡು ರಾಜ್ಯಗಳು ಸೈನ್ಯ ನಿಲ್ಲಿಸಲಿಲ್ಲ. ಎಷ್ಟೇ ಕೂಗಾಡಿದರೂ ಕೊನೆಗೆ ಗೇಟು ತೆರೆಯಿತು. ಯಜಮಾನ ಇರುವುದರ ಲಾಭ ಅದು.

ಇನ್ನೊಂದು ವಿಷಯವನ್ನು ನಾವು ಮರೆಯುತ್ತೇವೆ. ಕಾವೇರಿಯ ಹಳೆಯ ಒಪ್ಪಂದಗಳು ಸಮಾನರ ನಡುವೆ ಆದದ್ದಲ್ಲ. 1892ರ ಮೊದಲ ಒಪ್ಪಂದದ ಹೊತ್ತಿಗೆ ಮದ್ರಾಸ್ ಬ್ರಿಟಿಷರ ಪ್ರಾಂತ್ಯ, ಮೈಸೂರು ಅವರಿಗೆ ಅಧೀನ ಸಂಸ್ಥಾನ. ನಮ್ಮ ನೆಲದಲ್ಲಿ ಹೊಸ ಕಟ್ಟೆ ಕಟ್ಟಲು ಅವರ ಒಪ್ಪಿಗೆ ಬೇಕಾಯಿತು. ಕನ್ನಂಬಾಡಿಗೆ ಮದ್ರಾಸ್ ಮೊದಲು ಒಪ್ಪಿದ್ದು 11 ಟಿಎಂಸಿಗೆ ಮಾತ್ರ. ವಿಶ್ವೇಶ್ವರಯ್ಯನವರು ಅಡಿಪಾಯವನ್ನು ಮಾತ್ರ ಪೂರ್ಣ ಎತ್ತರಕ್ಕೆ ಬೇಕಾದಷ್ಟು ಅಗಲವಾಗಿಯೇ ಹಾಕಿಸಿದರು. 1914ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ ಅವರ ಮಧ್ಯಸ್ಥಿಕೆ ಮೈಸೂರಿನ ಪರ ಬಂತು. ಮದ್ರಾಸ್ ಮೇಲ್ಮನವಿ ಹೋಯಿತು, ಲಂಡನ್ನಿನಲ್ಲಿ ಅದನ್ನು ಬದಿಗಿಟ್ಟರು. ಕೊನೆಗೆ 1924ರ ಒಪ್ಪಂದ. ತೀರ್ಪು ಕೊಡುವ ಯಜಮಾನನೇ ಎದುರಾಳಿಯ ಒಡೆಯ ಆಗಿದ್ದರೆ ಕಾನೂನು ಯಾರ ಕಡೆ ವಾಲುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಪಾಠ ನನಗೆ ಗೊತ್ತಿಲ್ಲ. ನಮ್ಮ ಕಡೆ ಇಂದಿಗೂ ಆ ಒಪ್ಪಂದಗಳ ಹೆಸರು ಹೇಳಿದರೆ ಸಿಟ್ಟು ಬರುವುದು ಅದಕ್ಕೇ.

ನಾಲೆಬದಿ:
ಸರ್, ಕೋರ್ಟಿನ ಹೆಗಲ ಮೇಲೆ ಹಾಕುವ ಮಾತು ನೂರಕ್ಕೆ ನೂರು ನಿಜ. ಆದರೆ ಒಂದು ಸೇರಿಸುತ್ತೇನೆ. ಮಂಡ್ಯದ ಮತ್ತು ತಂಜಾವೂರಿನ ರೈತರೇ ಕೂತು ಮಾತಾಡಿದ್ದೂ ಉಂಟು, ಕಾವೇರಿ ಕುಟುಂಬ ಅಂತ. ಒಬ್ಬರ ಗದ್ದೆ ಒಬ್ಬರು ಹೋಗಿ ನೋಡಿದರು. ನೀವು ಹೇಳುವ ಮೂರು ಸಿದ್ಧಾಂತದಲ್ಲಿ ರೈತ ಎಲ್ಲೂ ಇಲ್ಲ. ಬರೀ ಸರ್ಕಾರ, ಸರ್ಕಾರ.

ಹಳೇಪುಸ್ತಕ:
ಮೈಸೂರಿನಿಂದ. ಎಲ್ಲರೂ ವಾಲ್ಟ್ಜ್, ಕಿಯೋಹೇನ್ ಅಂತ ಹೇಳುತ್ತಿದ್ದೀರಿ. ಪಕ್ಕದಲ್ಲೇ ಇರುವ ಕೌಟಿಲ್ಯನನ್ನು ಕರೆಯಲು ನನಗೆ ಆಸೆ. ಅರ್ಥಶಾಸ್ತ್ರದ ತಾಳೆಗರಿಯನ್ನು ಜಗತ್ತಿಗೆ ತೋರಿಸಿದವರು ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು.

ಕೌಟಿಲ್ಯ ಅಂದ ಕೂಡಲೇ ಪಕ್ಕದವನು ಅರಿ ಅಂದರೆ ಶತ್ರು, ಅವನಾಚೆಯವನು ಮಿತ್ರ ಅನ್ನುವ ಮಂಡಲದ ಮಾತನ್ನು ಎಲ್ಲರೂ ಹೇಳುತ್ತಾರೆ. ಭಾರತ-ಪಾಕಿಸ್ತಾನ-ಅಫ್ಘಾನಿಸ್ತಾನ, ಪಾಕಿಸ್ತಾನ-ಭಾರತ-ಚೀನಾ ಅಂತ ಗೆರೆ ಎಳೆದು ತೋರಿಸುತ್ತಾರೆ. ಹೊಂದುತ್ತದೆ ನಿಜ. ನೀನು ಕುಗ್ಗುತ್ತಿದ್ದರೆ ಸಂಧಿ ಮಾಡಿಕೋ, ಬೆಳೆಯುತ್ತಿದ್ದರೆ ವಿಗ್ರಹಕ್ಕೆ, ಅಂದರೆ ಹಗೆತನಕ್ಕೆ, ಇಳಿ ಅನ್ನುವ ಏಳನೆಯ ಅಧಿಕರಣದ ಮಾತೂ ಇದೆ. 1960ರ ಭಾರತಕ್ಕೂ 2025ರ ಭಾರತಕ್ಕೂ ಆರ್ಥಿಕ ಬಲದಲ್ಲಿ ಎಷ್ಟು ಅಂತರ ಅಂತ ನೋಡಿದರೆ ತಡೆಹಿಡಿದ ಕಾರಣ ಅಲ್ಲೇ ಸಿಗುತ್ತದೆ. 2023ರ ಜನವರಿಯಲ್ಲಿ, ಪಹಲ್ಗಾಮ್‌ಗೆ ಎರಡು ವರ್ಷ ಮೊದಲೇ, ಒಪ್ಪಂದ ಬದಲಿಸೋಣ ಬನ್ನಿ ಅಂತ ಭಾರತ ನೋಟಿಸ್ ಕೊಟ್ಟಿತ್ತು ಅನ್ನುವುದನ್ನು ಮರೆಯಬೇಡಿ. 2024ರಲ್ಲಿ ಮತ್ತೊಂದು.

ಆದರೆ ಅದೇ ಏಳನೆಯ ಅಧಿಕರಣದ ಕೊನೆಯ ಕಡೆ ಇನ್ನೊಂದು ಚರ್ಚೆ ಬರುತ್ತದೆ. ಯಾವ ಸಂಧಿ ಗಟ್ಟಿ? ಬರೀ ಮಾತು, ಆಣೆಯ ಮೇಲೆ ಆದ ಸಂಧಿ ಅಲುಗುತ್ತದೆ, ಜಾಮೀನು ಅಥವಾ ಒತ್ತೆಯಾಳು ಇಟ್ಟದ್ದು ಗಟ್ಟಿ ಅಂತ ಹಿಂದಿನ ಆಚಾರ್ಯರು ಹೇಳಿದ್ದರು. ಕೌಟಿಲ್ಯ ಅಲ್ಲ ಅನ್ನುತ್ತಾನೆ. ಆಣೆ ಇಹಕ್ಕೂ ಪರಕ್ಕೂ ನಿಲ್ಲುತ್ತದೆ, ಜಾಮೀನು ಇಲ್ಲಿಗೆ ಮಾತ್ರ ಎಂಬುದು ಅವನ ವಾದ. ಬಲವೊಂದೇ ಅನ್ನುವವರ ಗುರು ಅಂತ ನಾವು ಹೆಸರಿಟ್ಟ ಮನುಷ್ಯ ಕೊಟ್ಟ ಮಾತಿಗೆ ಈ ತೂಕ ಕೊಡುತ್ತಾನೆ. ಕೌಟಿಲ್ಯನ ಹೆಸರಲ್ಲಿ ಒಪ್ಪಂದ ಹರಿದು ಹಾಕಿ ಅನ್ನುವವರು ಈ ಭಾಗವನ್ನೂ ಓದಬೇಕು.

ಉತ್ತರದಿಕ್ಕು:
ಹಳೇಪುಸ್ತಕ ಅವರೇ, ಇದನ್ನು ನನ್ನ ಪ್ರಬಂಧಕ್ಕೆ ತೆಗೆದುಕೊಳ್ಳುತ್ತೇನೆ, ಧನ್ಯವಾದ. ಕೊಟ್ಟ ಮಾತಿನ ತೂಕದ ಬಗ್ಗೆ ಒಂದು ಕಣ್ಣಿಗೆ ಕಾಣುವ ಉದಾಹರಣೆ ಇದೆ.

ಒಪ್ಪಂದದ ಪ್ರಕಾರ ಎರಡೂ ದೇಶಕ್ಕೆ ಒಬ್ಬೊಬ್ಬ ಕಮಿಷನರ್. ಇಬ್ಬರೂ ಸಾಮಾನ್ಯವಾಗಿ ನೀರಿನ ವಿಷಯ ಬಲ್ಲ ಹಿರಿಯ ಇಂಜಿನಿಯರುಗಳಾಗಿರಬೇಕು. ವರ್ಷಕ್ಕೊಮ್ಮೆಯಾದರೂ ಸೇರಬೇಕು. ಕೊನೆಯ ಸಭೆ ನಡೆದದ್ದು 2022ರ ಮೇನಲ್ಲಿ, ದೆಹಲಿಯಲ್ಲಿ. ಏಪ್ರಿಲ್ 2025ರ ನಂತರ ಆ ದಾರಿ ಮುಚ್ಚಿತು. ಆಗಸ್ಟ್‌ನಲ್ಲಿ ಜಮ್ಮುವಿನಲ್ಲಿ ಭಾರಿ ಮಳೆ ಬಂದು ತಾವಿ ನದಿ ಉಕ್ಕಿತು. ಕೆಳಗೆ ಪಾಕಿಸ್ತಾನದ ಊರುಗಳಿವೆ. ಭಾರತ ಎಚ್ಚರಿಕೆ ಕಳಿಸಿತು. ಸಿಂಧೂ ಆಯೋಗದ ಮೂಲಕ ಅಲ್ಲ, ಇಸ್ಲಾಮಾಬಾದಿನ ನಮ್ಮ ಹೈಕಮಿಷನ್ ಮೂಲಕ. ಮಾನವೀಯ ನೆಲೆಯಲ್ಲಿ ಕೊಡುತ್ತಿದ್ದೇವೆ ಅಂತ ಹೇಳಿತು.

ಇದನ್ನು ಬಲದ ಲೆಕ್ಕದಿಂದ ಮಾತ್ರ ವಿವರಿಸಲು ಆಗುವುದಿಲ್ಲ. ಎಚ್ಚರಿಕೆ ಕೊಡದಿದ್ದರೆ ಭಾರತಕ್ಕೆ ಸೈನಿಕವಾಗಿ ಏನೂ ನಷ್ಟ ಇರಲಿಲ್ಲ. ಪ್ರವಾಹದಲ್ಲಿ ಜನ ಮುಳುಗುವುದನ್ನು ನೋಡುತ್ತಾ ಕೂರುವ ದೇಶ ನಾವಲ್ಲ ಅನ್ನುವ ಭಾವನೆ ಅಲ್ಲಿ ಕೆಲಸ ಮಾಡಿದೆ, ವೆಂಟ್ ಹೇಳುವುದೂ ಅದನ್ನೇ. ಜೊತೆಗೆ, ನಾಳೆ ಜಗತ್ತು ನಮ್ಮನ್ನು ಕೇಳುತ್ತದೆ ಅನ್ನುವ ಲೆಕ್ಕವೂ ಇದೆ. ದಾರಿ ಬದಲಾಯಿತು, ಮಾಹಿತಿ ಹೋಯಿತು.

ಕಾನೂನಿನ ಕಡೆ ಭಾರತಕ್ಕೆ ದಾರಿ ಸುಲಭ ಇಲ್ಲ. ಒಪ್ಪಂದದ 12ನೇ ವಿಧಿಯ ಪ್ರಕಾರ ಇಬ್ಬರೂ ಸೇರಿ ಇನ್ನೊಂದು ಒಪ್ಪಂದ ಮಾಡಿಕೊಳ್ಳುವವರೆಗೆ ಇದು ಜಾರಿಯಲ್ಲಿರುತ್ತದೆ. ಒಬ್ಬರೇ ಎದ್ದು ಹೋಗಲು ಬಾಗಿಲು ಇಟ್ಟಿಲ್ಲ. 2025ರ ಜೂನ್‌ನಲ್ಲಿ ಈ ಒಪ್ಪಂದದ ಅಡಿ ರಚನೆಯಾದ ಮಧ್ಯಸ್ಥಿಕೆ ನ್ಯಾಯಾಲಯ ತನ್ನ ಅಧಿಕಾರ ಹೋಗಿಲ್ಲ ಎಂದಿತು. ಆ ನ್ಯಾಯಾಲಯವನ್ನೇ ನಾವು ಒಪ್ಪುವುದಿಲ್ಲ ಅಂತ ಭಾರತ ಹೇಳಿತು. ಆಮೇಲೆ ಆಜ್ಞೆ ಜಾರಿ ಮಾಡಲು ಯಾರೂ ಬರಲಿಲ್ಲ. ಇಲ್ಲಿ ವಾಲ್ಟ್ಜ್ ಗೆದ್ದರು ಅಂತ ಒಪ್ಪಲೇಬೇಕು.

ಕಾಂಕ್ರೀಟ್‌ ಕೆಲಸ:
ಒಂದು ಆತಂಕ ಹೇಳಿಬಿಡುತ್ತೇನೆ. ಸಿಂಧೂ, ಸಟ್ಲೆಜ್ ಎರಡೂ ಹುಟ್ಟುವುದು ಟಿಬೆಟ್‌ನಲ್ಲಿ. ಬ್ರಹ್ಮಪುತ್ರವೂ ಅಲ್ಲಿಂದಲೇ. ಅಲ್ಲಿ ನಾವು ಕೆಳಗಿರುವವರು. ಚೀನಾ ಜೊತೆ ನೀರು ಹಂಚಿಕೆ ಒಪ್ಪಂದ ಅನ್ನುವುದೇ ಇಲ್ಲ. ಇದ್ದದ್ದು ಮಳೆಗಾಲದ ನೀರಿನ ಮಟ್ಟದ ಮಾಹಿತಿ ಕೊಡುವ ತಿಳಿವಳಿಕೆ ಪತ್ರ, 2002ರಿಂದ. 2017ರಲ್ಲಿ ಡೋಕ್ಲಾಂನಲ್ಲಿ ಸೈನಿಕರು ಎದುರುಬದುರು ನಿಂತ ವರ್ಷ ಆ ಮಾಹಿತಿ ಬರಲಿಲ್ಲ. ಮುಂದಿನ ವರ್ಷ ಮತ್ತೆ ಬಂತು. 2025ರ ಜುಲೈನಲ್ಲಿ ಯಾರ್ಲುಂಗ್ ತ್ಸಾಂಗ್ಪೋ (ಟಿಬೆಟ್‌ನಲ್ಲಿ ಬ್ರಹ್ಮಪುತ್ರದ ಹೆಸರು) ತಿರುವಿನಲ್ಲಿ ದೈತ್ಯ ಜಲವಿದ್ಯುತ್ ಯೋಜನೆಗೆ ಚೀನಾ ಕೆಲಸ ಶುರು ಮಾಡಿದೆ. ನೀರಿನ ಒಪ್ಪಂದವನ್ನು ಭದ್ರತೆಯ ಕಾರಣಕ್ಕೆ ತಡೆಹಿಡಿಯಬಹುದು ಅಂತ ನಾವು ಪಶ್ಚಿಮದಲ್ಲಿ ಹೇಳಿದರೆ, ಪೂರ್ವದಲ್ಲಿ ಅದನ್ನು ನಮಗೆ ಹೇಳುವವರು ಇದ್ದಾರೆ. ಅಸ್ಸಾಂನಲ್ಲಿ ಕೆಲಸ ಮಾಡಿದವನಾಗಿ ಈ ಯೋಚನೆ ನನ್ನನ್ನು ಬಿಡುವುದಿಲ್ಲ.

ಸೀದಾಮಾತು:
ಚೀನಾ ನಮ್ಮ ಜೊತೆ ಒಪ್ಪಂದವನ್ನೇ ಮಾಡಿಕೊಂಡಿಲ್ಲವಲ್ಲ ಸರ್. ನಾವು ಒಳ್ಳೆಯವರಾಗಿದ್ದರೆ ಅವರೂ ಒಳ್ಳೆಯವರಾಗುತ್ತಾರಾ? 65 ವರ್ಷ ಒಪ್ಪಂದ ಪಾಲಿಸಿದ್ದಕ್ಕೆ ಚೀನಾ ಕೊಟ್ಟದ್ದೇನು?

ಕಾಂಕ್ರೀಟ್‌ ಕೆಲಸ:
ನ್ಯಾಯವಾದ ಪ್ರಶ್ನೆ. ಏನೂ ಕೊಟ್ಟಿಲ್ಲ. ನಮ್ಮ ಒಳ್ಳೆಯತನ ನೋಡಿ ಚೀನಾ ಬದಲಾಗುತ್ತದೆ ಅಂತ ನಾನು ನಂಬಿಲ್ಲ. ನನ್ನ ಲೆಕ್ಕ ಬೇರೆ. ನಾಳೆ ಗುವಾಹಟಿಗೆ ಪ್ರವಾಹದ ಮುನ್ಸೂಚನೆ ಬೇಕು ಅಂತ ಬೀಜಿಂಗ್ ಮೇಲೆ ಒತ್ತಡ ತರಬೇಕಾದರೆ ನಮ್ಮ ಜೊತೆ ಬಾಂಗ್ಲಾದೇಶ ನಿಲ್ಲಬೇಕು, ಮೆಕಾಂಗ್ ತೀರದ ದೇಶಗಳು ದನಿಗೂಡಿಸಬೇಕು. ಅವರೆಲ್ಲ ಕೆಳಗಿರುವವರೇ. ಬಾಂಗ್ಲಾದೇಶದ ಜೊತೆಗಿನ 1996ರ ಗಂಗಾ ಒಪ್ಪಂದಕ್ಕೆ 30 ವರ್ಷದ ಅವಧಿ ಇದ್ದದ್ದು, 2026ರ ಡಿಸೆಂಬರ್‌ವರೆಗೆ. ಢಾಕಾದವರು ಆ ಮೇಜಿಗೆ ಬರುವಾಗ ಚೀನಾಬ್‌ನಲ್ಲಿ ನಾವು ಏನು ಮಾಡಿದೆವು ಅನ್ನುವುದನ್ನು ನೋಡಿಕೊಂಡೇ ಬರುತ್ತಾರೆ. ನಾನು ನೋಡುತ್ತಿರುವುದು ಆ ಮಾತುಕತೆಯನ್ನು. ಆ ಒಪ್ಪಂದದಲ್ಲಿ ಗಂಗೆಯ ಮೇಲಿನ ಫರಕ್ಕಾ ಬ್ಯಾರೇಜಿನಲ್ಲಿ ಜನವರಿಯಿಂದ ಮೇವರೆಗೆ ಹತ್ತು ಹತ್ತು ದಿನದ ಲೆಕ್ಕದಲ್ಲಿ ನೀರು ಹಂಚುತ್ತಾರೆ. ಅಲ್ಲಿ ನದಿ ಹಂಚಿ ಬದು ಹಾಕಲು ಆಗುವುದಿಲ್ಲ, ಕಾವೇರಿಯ ಹಾಗೆ ಒಂದೇ ಹೊಳೆ.